ಉಪ್ಪು ಮುಟ್ಟದ ರಕ್ಕಸ

ನಮ್ಮ ಮಾವ ಗಾದಿಲಿಂಗ, ಎದುರಿಗಿದ್ದವರು "ನೀವು ಯಾರು?" ಎಂದು ಕೇಳುವ ತನಕ ಬಾಯಿ ಬಿಡುವವನಲ್ಲ. ಇದು ಹುಟ್ಟುಗುಣವಲ್ಲ, ಬಯಲಾಟ ಹತ್ತಿಸಿದ ಚಟ. ಬಯಲಾಟದಲ್ಲಿ ಪಾತ್ರಧಾರಿ ಹಲಗೆಯ ಅಟ್ಟಕ್ಕೆ, ಅಂದರೆ ರಂಗಕ್ಕೆ, ಬಂದು ಕುಣಿದು ನಿಲ್ಲಬೇಕು. ಸಾರಥಿ ಎಂಬವನು ಎದುರು ಬಂದು "ಬಂದಂಥಾ ತಾವು ದಾರು? ತಮ್ಮ ನಾಮಾಂಕಿತವೇನು?" ಎಂದು ಕೇಳಬೇಕು. ಆಮೇಲೆಯೇ ಪಾತ್ರ ಮೀಸೆ ತಿರುವಿ ತನ್ನ ಹೆಸರು ಹೇಳಬೇಕು. ಅರ್ಧ ಆಯುಷ್ಯ ರಕ್ಕಸನ ಪಾತ್ರ ಮಾಡಿದ ಮನುಷ್ಯ ಅವನು. ಬ್ಯಾಂಕಿಗೆ ಹೋದರೂ ಕೌಂಟರಿನ ಮುಂದೆ ಎದೆ ಉಬ್ಬಿಸಿ ನಿಂತುಬಿಡುತ್ತಾನೆ. ಒಳಗಿನ ಹುಡುಗಿ ತಲೆ ಎತ್ತಿ ಕೇಳಬೇಕು. ಅವಳು ಕೇಳುವುದಿಲ್ಲ, ಇವನು ಹೇಳುವುದಿಲ್ಲ, ಹಿಂದೆ ನಿಂತ ಜನ ನನ್ನನ್ನು ಬೈಯುತ್ತಾರೆ. ನನ್ನನ್ನು!

ಇಂಥವನನ್ನು ಟೀವಿಯವರು ಅಡುಗೆ ಕಾರ್ಯಕ್ರಮ ನಡೆಸಿಕೊಡಲು ಕರೆದರು. ಅವನು ಅದರಲ್ಲಿ ಗೆಲ್ಲಲಿ ಎಂದು ಅವನಿಗಿಂತ ಹೆಚ್ಚು ಒದ್ದಾಡಿದವನು ನಾನು. ಪ್ರೀತಿಗಲ್ಲ, ಒಲೆಗೆ.

ನಮ್ಮದು ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಖಾನಾವಳಿ. ಮುಂದೆ ಬೆಂಚು, ಹಿಂದೆ ಕಟ್ಟಿಗೆ ಒಲೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಮಧ್ಯಾಹ್ನ ಬಂದವರು ಬೆರಳು ನೆಕ್ಕಿಕೊಂಡು ಹೋಗುತ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ? ಸಂಜೆ ಕಾಲೇಜು ಹುಡುಗರು ಎದುರಿನ ಗೋಬಿ ಗಾಡಿಗೆ ನೊಣ ಮುತ್ತಿದ ಹಾಗೆ ಮುತ್ತುತ್ತಿದ್ದರು, ನಾನು ಖಾಲಿ ಬೆಂಚು ಒರೆಸುತ್ತ ಅದನ್ನು ನೋಡುತ್ತಿದ್ದೆ. ಒಂಬತ್ತನೆಯ ಕ್ಲಾಸಿಗೇ ಸಾಲೆ ಬಿಟ್ಟು ಒಲೆ ಹಿಡಿದವನು ನಾನು. ನನಗೆ ಗೊತ್ತಿರುವುದು ಇದೊಂದೇ. ಗೋಬಿ ಕರಿಯಲು ಬರುತ್ತದೆ, ನೂಡಲ್ಸ್ ತಿರುವಲು ಬರುತ್ತದೆ, ದೊಡ್ಡ ಗ್ಯಾಸ್ ಒಲೆಗೆ ಅಂಗಡಿಯಲ್ಲಿ ಮಾತಾಡಿ ಇಟ್ಟಿದ್ದೆ. ಮಾವ ಬಿಡಬೇಕಲ್ಲ.

"ಕೋಸು ಕರದು ಕೆಂಪು ನೀರಾಗ ಅದ್ದಿ ಕೊಡ್ತೀಯೇನಲೇ ಹೊನ್ನೂರ? ಅದು ಅಡಿಗಿ ಅಲ್ಲ, ವೇಷ."

"ಜಲ್ಮೆಲ್ಲ ವೇಷ ಹಾಕ್ದಾತ ನೀನಾ ಹೇಳ್ತಿಯಲ್ಲ ಮಾವ!"

"ಹಾಕ್ದಾತಗಾ ಗೊತ್ತಾಗದು ಅದು."

ಮಾವ ಅಡುಗೆಗೆ ಬಂದದ್ದೇ ಬಿದ್ದು. ಕೂಡ್ಲಿಗಿ ಕಡೆಯ ಮೇಳ ಅವನದು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆ ಆಡಿದ್ದಾರೆ. ಮಾವನ ರಕ್ಕಸ ಅಟ್ಟಕ್ಕೆ ಹಾರಿದರೆ ಹಲಗೆ ಮುರಿಯಬೇಕು. ಮುರಿಯದಿದ್ದರೆ ಜನ "ಈ ಸಲ ಮಜಾ ಇಲ್ಲ ಬಿಡ್ರಿ" ಎಂದು ಎದ್ದು ಹೋಗುತ್ತಿದ್ದರಂತೆ. ಹಲವಾಗಲು ಎಂಬ ಊರಿನ ಆಟದಲ್ಲಿ ಹಲಗೆಯ ಜೊತೆಗೆ ಮಂಡಿಯೂ ಮುರಿಯಿತು. ಕುಣಿಯಲು ಬಾರದವನನ್ನು ಮೇಳದವರು ಮನೆಗೆ ಕಳಿಸಲಿಲ್ಲ, ಒಲೆಯ ಮುಂದೆ ಕೂರಿಸಿದರು. ಇಡೀ ಮೇಳಕ್ಕೆ ಬೇಯಿಸಿ ಬೇಯಿಸಿ ಕೈ ಕುದುರಿತು. ಮೇಳ ಚದುರಿದ ಮೇಲೆ ಅವೇ ಪಾತ್ರೆ ಹೊತ್ತುಕೊಂಡು ಬಂದು ಕೊಟ್ಟೂರಿನಲ್ಲಿ ಖಾನಾವಳಿ ಹಾಕಿದ. ಹಾಕಿದವನು ಅವನೇ ಎಂದು ಊರು ಹೇಳುತ್ತದೆ, ನಾನೂ ಹಾಗೇ ತಿಳಿದಿದ್ದೆ.

ಒಂದು ದಿನ ಊಟಕ್ಕೆ ಬಂದ ಯಾರೋ ಪುಣ್ಯಾತ್ಮ "ಇವತ್ತು ಏನೈತ್ರಿ ಯಜಮಾನ್ರ?" ಎಂದು ಕೇಳಿದ. ಪ್ರಶ್ನೆ ಬಿತ್ತಲ್ಲ, ಸಾಕು. ಮಾವ ಎದ್ದು ನಿಂತ. ಕೈಯಲ್ಲಿದ್ದ ಸೌಟು ಗದೆಯಾಯಿತು.

"ಭಲಾ! ಈ ಕೊಟ್ಟೂರು ಪುರದೊಳು, ಮುಳ್ಳು ತೊಟ್ಟಿನ ಬದನೆಯೆಂಬೋ ವೈರಿಯಂ ಹಿಡಿದು, ನಾಲ್ಕು ಹೋಳಾಗಿ ಸೀಳಿ, ಶೇಂಗಾ ಪುಡಿಯಂ ಹೊಟ್ಟೆಗೆ ತುಂಬಿ, ಕಾದ ಎಣ್ಣೆಯೊಳು ಕೆಡವಿದಂಥಾ ಪಾಕವೀರ ನಾನೇ ಅಲ್ಲವೇನೋ!"

ಪಕ್ಕದ ಬೆಂಚಿನವನು ಅದನ್ನು ಮೊಬೈಲಿನಲ್ಲಿ ಹಿಡಿದ. ಅದು ಊರೂರು ಹರಿದಾಡಿತು. ಹರಿದಾಡಿ ಕೊನೆಗೆ ಪ್ರವೀಣಕುಮಾರ್ ಎಂಬ ದಾವಣಗೆರೆಯ ಮನುಷ್ಯನನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿತು. ಅವನು ಒಂದು ಚಾನೆಲ್ಲಿಗೆ ಕಾರ್ಯಕ್ರಮ ಮಾಡಿಕೊಡುವವನು. 'ಊರೂರ ಒಲೆ' ಎಂದು ಹೊಸದೊಂದು ಶುರು ಮಾಡುತ್ತಾರಂತೆ. ನಿರೂಪಕ ವಾರವಾರ ಒಂದೊಂದು ಊರಿಗೆ ಹೋಗಿ ಅಲ್ಲಿಯ ಅಡುಗೆ ಮಾಡಬೇಕು, ಮಾತಾಡಬೇಕು, ಕಡೆಗೆ ರುಚಿ ನೋಡಿ ಹೇಳಬೇಕು.

"ಮೊದಲು ಇಲ್ಲೇ ನಿಮ್ಮ ಒಲೆ ಮುಂದೇನೇ ಒಂದು ಟ್ರಯಲ್ ಎಪಿಸೋಡು ತೆಗೀತೀವಿ ಸರ್. ಮೇಲಿನವರು ನೋಡಿ ಓಕೆ ಅಂದ್ರೆ ನೀವೇ ನಮ್ಮ ಹೋಸ್ಟ್."

ಅವನು ಹೋದ ಮೇಲೆ ಮಾವ ಬೆಂಚಿನ ಮೇಲೆ ಕೂತ. ಎದುರಿಗೆ ಚೌಡಣ್ಣ ಊಟ ಮಾಡುತ್ತಿದ್ದ. ಈ ಚೌಡಣ್ಣ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವನು, ಈಗ ದಿನಾ ನಮ್ಮಲ್ಲಿ ರೊಟ್ಟಿ ಮುರಿಯುತ್ತಾನೆ. ಅವನ ಎದುರಿನಲ್ಲೇ ಮಾವ ಹೇಳಿದ:

"ಹೊನ್ನೂರ, ನಾ ಟೀವಿಗಿ ಹತ್ತಿದ ದಿನ ಈ ಒಲಿ ನಿಂದು. ಗೋಬಿ ಕರಕೊ, ಗೊಬ್ಬರಾನಾದ್ರೂ ಕರಕೊ. ನಾ ಕೇಳಂಗಿಲ್ಲ."

"ಮಾತು?"

"ಮಾತು. ಚೌಡಣ್ಣ ಸಾಕ್ಷಿ."

ಒಲೆಯ ಮುಂದೆ ಅತ್ತೆ ಭರಮಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಮತ್ತೆ ಬಡಿಯತೊಡಗಿದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ನನ್ನ ತಲೆಗೆ ಮಣ್ಣು ಹಾಕ.

ಚಿತ್ರೀಕರಣದ ದಿನ ಒಲೆಯ ಸುತ್ತ ದೀಪ ನಿಲ್ಲಿಸಿ, ವೈರು ಎಳೆದು, ಅತ್ತೆಯ ರೊಟ್ಟಿ ಹಲಗೆಯನ್ನು ಮೂಲೆಗೆ ದಬ್ಬಿದರು. ಸುಕನ್ಯಾ ಎನ್ನುವ ಹುಡುಗಿ ಮಾವನ ಮುಖಕ್ಕೆ ಬಣ್ಣ ಹಚ್ಚಲು ಕೂತಳು. ಮಾವ ಅವಳ ಪೌಡರ್ ಡಬ್ಬಿಗೆ ಕೈಮುಗಿದು ಕಣ್ಣಿಗೆ ಒತ್ತಿಕೊಂಡ. ಅವಳು ಗಾಬರಿಯಾಗಿ ತಾನೂ ಕೈಮುಗಿದಳು.

"ಯಾವ ಬಣ್ಣ ಯವ್ವಾ ಇದು? ಕೆಂಪಿಲ್ಲೇನು?"

"ಇಲ್ಲ ಅಂಕಲ್, ಇದು ನಿಮ್ಮ ಮುಖದ ಬಣ್ಣದ್ದೇ."

"ನನ್ನ ಮುಖದ ಬಣ್ಣ ನನ್ನ ಮುಖಕ್ಕ ಹಚ್ಚಾಕ ಇಷ್ಟು ಹೊತ್ತೇನು?"

ಮೊದಲ ವಿಘ್ನ ಆಗಲೇ ಹೇಳಿದೆನಲ್ಲ, ಅದೇ. ಪ್ರವೀಣಕುಮಾರ್ "ಆಕ್ಷನ್" ಅಂದ. ಮಾವ ಎದೆ ಉಬ್ಬಿಸಿ ನಿಂತ. ಅವನು ಮತ್ತೆ "ಆಕ್ಷನ್ ಸರ್" ಅಂದ. ಮಾವ ಇನ್ನಷ್ಟು ಉಬ್ಬಿಸಿದ.

"ಸರ್, ಮಾತಾಡಿ. ನಮಸ್ಕಾರ ವೀಕ್ಷಕರೇ ಅಂತ ಶುರು ಮಾಡಿ."

"ಕೇಳ್ರಿ ಮತ್ತ."

"ಏನು ಕೇಳ್ಬೇಕು ಸರ್?"

"ನಾ ಯಾರು ಅಂತ."

"ನೀವು ಯಾರು ಅಂತ ನಮಗೆ ಗೊತ್ತು ಸರ್!"

"ನಿಮಗ ಗೊತ್ತೈತಿ. ನೋಡೋ ಮಂದಿಗಿ? ಯಾರೂ ಕೇಳದಾ ನಾನಾ ನಾನು ಅಂತ ಬಾಯಿ ಬಡಕೊಂಡ್ರ ಹುಚ್ಚ ಅಂತಾರ."

ಪ್ರವೀಣಕುಮಾರ್ ನನ್ನ ಮುಖ ನೋಡಿದ. ಎಲ್ಲರೂ ಕಡೆಗೆ ನನ್ನ ಮುಖವನ್ನೇ ನೋಡುತ್ತಾರೆ. ನಾನು ಕ್ಯಾಮೆರಾದ ಹಿಂದೆ ನಿಂತು, ಹಲ್ಲು ಕಡಿಯುತ್ತ, ಕೂಗಿದೆ: "ಏನ್ರೀ ಸ್ವಾಮಿ! ಬಂದಂಥಾ ತಾವು ದಾರು? ಈ ಒಲಿ ಮುಂದ ಬಂದ ಕಾರಣವೇನು?"

ಆಗ ನೋಡಬೇಕಿತ್ತು. ಬದನೆಕಾಯಿ ಸೀಳಿದ್ದೇನು, ಶೇಂಗಾ ಹುರಿದದ್ದೇನು, ಒಗ್ಗರಣೆಗೆ "ಯುದ್ಧಭೇರಿ ಮೊಳಗಿತು" ಎಂದದ್ದೇನು! ಲೈಟು ಹಿಡಿದ ಹುಡುಗರು ನಗುತ್ತ ಲೈಟು ಅಲುಗಿಸಿದರು. ಪ್ರವೀಣಕುಮಾರ್ ನನ್ನ ಕಿವಿಯಲ್ಲಿ "ನಿಮ್ಮ ಮಾವ ಬಂಗಾರ ಕಣ್ರೀ" ಅಂದ. ನಾನು ಮನಸ್ಸಿನಲ್ಲೇ ಒಲೆ ಕಿತ್ತು ಗ್ಯಾಸ್ ಕೂರಿಸಿ, ಬೋರ್ಡು ಬರೆಸುತ್ತಿದ್ದೆ.

"ಈಗ ರುಚಿ ನೋಡಿ ಸರ್. ನೋಡಿ, ಆಹಾ ಅನ್ನಿ. ಮುಗೀತು."

ಮಾವ ಸೌಟು ಕೆಳಗಿಟ್ಟ. "ಅದಾಗಂಗಿಲ್ಲ ಸಾಹೇಬ್ರ."

"ಯಾಕೆ ಸರ್?"

"ಬಣ್ಣ ಹಚ್ಚೀರಿ. ಬಣ್ಣ ಹತ್ತಿದ ಮ್ಯಾಲ, ಮಂಗಳ ಹಾಡೋತನಕ ನಾಲಿಗಿಗಿ ಉಪ್ಪು ಹತ್ತಬಾರ್ದು. ನಮ್ಮ ಮ್ಯಾಳದ ನೇಮ."

ಎಲ್ಲರೂ ತಮಾಷೆ ಎಂದು ನಕ್ಕರು. ಬಾಗಿಲ ಹತ್ತಿರ ಕೂತಿದ್ದ ಚೌಡಣ್ಣ ಮಾತ್ರ ನಗಲಿಲ್ಲ. "ಹೌದ್ರಿ. ನಮ್ಮ ಗುರುಗಳು ಹಾಕಿದ ನೇಮ. ಪಾತ್ರ ಯಾವೂರಿನ ಉಪ್ಪೂ ತಿನ್ನಬಾರ್ದು. ತಿಂದ್ರ ಆ ಊರಿನ ಋಣಕ್ಕ ಬೀಳ್ತೈತಿ. ರಕ್ಕಸನಾ ಋಣಕ್ಕ ಬಿದ್ರ ಊರಿನ ಮ್ಯಾಲ ಕೈ ಹೆಂಗ ಎತ್ತ್ಯಾನ? ಆಟ ಅಲ್ಲಿಗಾ ಕೆಟ್ಟೋತು."

"ಇದು ಆಟ ಅಲ್ಲ ಚೌಡಣ್ಣ, ಅಡಿಗಿ!" ಅಂದೆ ನಾನು.

"ಬಣ್ಣ ಬಣ್ಣಾನಾ" ಅಂದ ಮಾವ.

ಅಡುಗೆಯವನಿಗೆ ತಾನು ಮಾಡಿದ್ದನ್ನು ತಿನ್ನಲಾಗುವುದಿಲ್ಲ! ಹಾಗೆ ನೋಡಿದರೆ ಮಾವ ಒಲೆಯ ಮುಂದೆ ಎಂದೂ ರುಚಿ ನೋಡುವವನೇ ಅಲ್ಲ. ಎಂಜಲಾಗುತ್ತದೆ ಎಂದು ವಾಸನೆಯಲ್ಲೇ ಹದ ಹಿಡಿಯುತ್ತಾನೆ. ಕಡೆಗೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ಉಪ್ಪು ನೋಡುವವಳು ಅತ್ತೆ. ಅದೆಲ್ಲ ನಮಗೆ ರೂಢಿ, ಟೀವಿಯವರಿಗೆ ಹೇಗೆ ತಿಳಿಯಬೇಕು?

ಪ್ರವೀಣಕುಮಾರ್ ಜಾಣ. "ಸರ್, ನೀವು ನಟರು. ತಿಂದ ಹಾಗೆ ಆಕ್ಟ್ ಮಾಡಿ" ಎಂದ. ಮಾವ ಒಪ್ಪಿದ. ಖಾಲಿ ಕೈಯನ್ನು ಮಾರುದೂರದಿಂದ ಬೀಸಿ ಬಾಯಿಗೆ ಎಸೆದುಕೊಂಡ, ಹೆಗಲು, ಹೊಟ್ಟೆ, ಮಂಡಿ ಎಲ್ಲ ಕುಲುಕಿಸಿ ಅಗಿದ, ತೇಗಿದ ತೇಗಿಗೆ ಗೋಡೆಯ ಮೇಲಿನ ಹಲ್ಲಿ ಓಡಿತು. ಮೈಲಿ ದೂರದ ಜನಕ್ಕೆ ಕಾಣಲಿ ಎಂದು ಕಲಿತ ಅಭಿನಯ, ಕ್ಯಾಮೆರಾ ಮೂಗಿನ ಮುಂದೆ ಇತ್ತು. "ಬೇಡ ಸರ್, ಸಾಕು ಸರ್" ಅಂದ ಪ್ರವೀಣಕುಮಾರ್.

ಬಣ್ಣವೇ ಬೇಡ ಎಂದು ಮುಖ ತೊಳೆಸಿದರು. ಬಣ್ಣ ಹೋದ ಕೂಡಲೆ ಮಾವನೂ ಹೋದ. ನಾನು ಎಷ್ಟು ಕೂಗಿ "ತಾವು ದಾರು" ಅಂದರೂ, "ನಾನ್ರಿ… ಗಾದಿಲಿಂಗ್ರಿ… ಖಾನಾವಳಿ ಐತ್ರಿ" ಎಂದು ನೆಲ ನೋಡಿದ. ಮತ್ತೆ ಬಣ್ಣ. ಚೌಡಣ್ಣ ಎದ್ದು, "ತಡೀರಿ, ಮಂಗಳ ಹಾಡಿಬಿಡಾನು, ಆಮ್ಯಾಲ ತಿನ್ನಬೌದು" ಎಂದು ಪಾತ್ರೆಯನ್ನೇ ಮದ್ದಳೆ ಮಾಡಿ ಬಾರಿಸಿ ಮಂಗಳ ಹಾಡಿದ. ಇಬ್ಬರೂ ಕಣ್ಣುಮುಚ್ಚಿ ಕೈಮುಗಿದರು. ಮಂಗಳ ಆದ ಮೇಲೆ ಬಣ್ಣ ಇಟ್ಟುಕೊಳ್ಳುವಂತಿಲ್ಲವಂತೆ, ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಎಣ್ಣೆಗಾಯಿ ಬಾಯಿಗಿಟ್ಟ. ಇಡೀ ಯೂನಿಟ್ಟು ಉಸಿರು ಹಿಡಿಯಿತು.

"ಹ್ಞೂಂ" ಅಂದ ಮಾವ.

"ಅಷ್ಟೇನಾ ಸರ್?"

"ಮತ್ತೇನ್ರಿ? ಊಟ ಆತು."

ಪ್ರವೀಣಕುಮಾರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೆಳಕು ಬೇರೆ ಇಳಿಯುತ್ತಿತ್ತು. ನನ್ನನ್ನು ರಸ್ತೆಗೆ ಕರೆದೊಯ್ದು ಹೇಳಿದ: "ನಾಳೆ ಬೆಳಿಗ್ಗೆ ಒಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹರಪನಹಳ್ಳಿಲಿ ಒಬ್ಬ ಮಿಮಿಕ್ರಿ ಮಾಡೋನು ಸಿಕ್ಕಿದಾನೆ. ಅಡುಗೆ ಬರಲ್ಲ, ಆದ್ರೆ ಕೊಟ್ಟಿದ್ದು ತಿಂತಾನೆ."

ಕೊಟ್ಟಿದ್ದು ತಿನ್ನುತ್ತಾನೆ! ಅಡುಗೆ ಕಾರ್ಯಕ್ರಮಕ್ಕೆ ಅಷ್ಟೇ ಬೇಕಂತೆ. ನನ್ನ ಒಲೆ ಹರಪನಹಳ್ಳಿ ಬಸ್ಸು ಹತ್ತುವುದು ಕಣ್ಣಿಗೆ ಕಂಡಿತು.

ಸಂಜೆ ಮಾವ ಬೆಂಚಿನ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನಾನು ಎದುರಿಗೆ ನಿಂತೆ.

"ಮಾವ, ನೇಮ ಉಪ್ಪಿಂದೊ, ಊಟದ್ದೊ?"

"ಉಪ್ಪಿಂದು. ಆಟದ ನಡುವ ಬೆಲ್ಲ ತಿಂದೀವಿ, ಬಾಳಿಹಣ್ಣು ತಿಂದೀವಿ."

"ಹಂಗಾದ್ರ ನಾಳಿ ಎಣ್ಣಿಗಾಯಿಗಿ ಉಪ್ಪಾ ಹಾಕಬ್ಯಾಡ. ತಿಂದು ಭಲೆ ಅನ್ನು. ಟೀವ್ಯಾಗ ಉಪ್ಪು ಕಾಣಂಗಿಲ್ಲ."

ಮಾವನ ಕೈ ಮಂಡಿಯ ಮೇಲೆ ನಿಂತಿತು. ನೇಮದ ಮಾತಾದರೆ ಅವನು ಕೋರ್ಟಿನ ವಕೀಲನ ಹಾಗೆ ಹಿಂಜುತ್ತಾನೆ. ಹಿಂಜಿ, ಹಿಂಜಿ, "ನೇಮಕ್ಕೇನೂ ಅಡ್ಡಿ ಇಲ್ಲ" ಅಂದ.

"ಭಲೆ ಅಂತಿ ಹೌದಲ್ಲೊ?"

"ಅಂತೀನಿ ಬಿಡಲೇ. ಮಾತು ಕೊಟ್ಟೀನಲ್ಲ."

ಒಳಗಿನಿಂದ ಅತ್ತೆ ಅಂದಳು: "ಉಪ್ಪಿಲ್ಲದ ಎಣ್ಣಿಗಾಯಿ! ನನ್ನ ಒಲಿ ಮ್ಯಾಲ ಇದೊಂದು ಆಗದು ಬಾಕಿ ಇತ್ತು." ನನ್ನ ಒಲೆ ಎಂದಳು. ಆಗಲೂ ನನ್ನ ಕಿವಿಗೆ ಅದು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಸರಾಗ. ಬಣ್ಣ ಹತ್ತಿತು, ನಾನು ಕೇಳಿದೆ, ಮಾವ ಗುಡುಗಿದ, ಬದನೆ ಬಿದ್ದಿತು, ಎಣ್ಣೆ ಹಾರಿತು. ಉಪ್ಪಿನ ಡಬ್ಬಿಯ ಹತ್ತಿರ ಅವನ ಕೈ ತಾನೇ ಹೋಯಿತು. ನಾನು ಕೆಮ್ಮಿದೆ, ಕೈ ಹಿಂದೆ ಬಂತು. ಕಡೆಗೆ ಮಾವ ಒಂದು ಬದನೆಯನ್ನು ತೊಟ್ಟು ಹಿಡಿದು ಎತ್ತಿದ, ಕ್ಯಾಮೆರಾಕ್ಕೆ ತೋರಿಸಿದ, ಬಾಯಿಗಿಟ್ಟ. ಅಗಿದ. ನಾನು ಬೆರಳು ಮಡಚಿ ನಿಂತಿದ್ದೆ. ಅನ್ನು ಮಾವ, ಭಲೆ ಅನ್ನು, ಒಂದು ಮಾತು.

"ಭ…" ಅಂದ ಮಾವ.

ಹಚ್ಚಿದ ಪೌಡರು ಹಣೆಯ ಮೇಲೆ ಗೆರೆಗೆರೆ ಒಡೆಯಿತು.

"ಭ…"

ಮತ್ತೆ ಅಗಿದ. ಕಣ್ಣು ತಿರುಗಿದವು. ಎಡಗಡೆ ತಿರುಗಿ ಬೂದಿಗುಂಡಿಗೆ "ಥೂ!" ಎಂದು ಉಗುಳಿದ.

"ಸಪ್ಪ! ಸಪ್ಪಗೈತಿ! ನಮ್ಮ ಎಮ್ಮಿನೂ ಮೂಸಂಗಿಲ್ಲ ಇದನ್ನ! ಇದಕ್ಕ ಭಲೆ ಅಂದ್ರ ನನ್ನ ನಾಲಿಗಿ ಸೇದಿ ಹೋಗ್ತೈತಿ! ಸಾರಥೀ! ದಾರಲೇ ಈ ಅಡಿಗಿ ಮಾಡ್ದಾತ? ಹಿಡಕೊಂಡು ಬಾ ಅವನ್ನ!"

ನನ್ನ ತಲೆಯಲ್ಲಿ ಏನೋ ಪಟ್ ಅಂದಿತು. ಕ್ಯಾಮೆರಾ, ವೈರು, ಲೈಟು ಯಾವುದೂ ಕಾಣಲಿಲ್ಲ. ನುಗ್ಗಿದೆ.

"ದಾರು ಅಂತ ಕೇಳ್ತೀಯಾ? ನೀನಾ! ಸೌಟು ನಿನ್ನ ಕೈಯಾಗಾ ಐತಿ! ನಿನ್ನಿ ಹ್ಞೂಂ ಅಂದಿ, ನೇಮಕ್ಕ ಅಡ್ಡಿ ಇಲ್ಲ ಅಂದಿ, ಈಗ ದಾರು ಅಂತಿ? ಸರಿ ನೋಡಿಲ್ಲಿ!"

ಉಪ್ಪಿನ ಡಬ್ಬಿಗೆ ಕೈ ಹಾಕಿ ಹಿಡಿ ತುಂಬ ಎತ್ತಿ ಬಾಣಲೆಗೆ ಎಸೆದೆ. ಸೌಟು ಕಿತ್ತುಕೊಂಡು ತಿರುವಿದೆ. ಅತ್ತೆಯ ಬುಟ್ಟಿಯಿಂದ ರೊಟ್ಟಿ ಎಳೆದು, ಮುರಿದು, ಸುಡುವ ಎಣ್ಣೆಗಾಯಿ ಒತ್ತಿ ಬಾಯಿಗೆ ತುರುಕಿಕೊಂಡೆ. ಬಾಯಿ ಸುಟ್ಟಿತು. ಸುಡಲಿ.

"ಹಿಂಗಿರಬೇಕು ಎಣ್ಣಿಗಾಯಿ! ತೊಟ್ಟುತನಕ ಬೆಂದೈತಿ, ಆದ್ರ ಕರಗಿಲ್ಲ. ಶೇಂಗಾ ಎಣ್ಣಿ ಬಿಟ್ಟೈತಿ. ಹುಣಸಿಹುಳಿ ಐತೊ ಇಲ್ಲೊ ಅನ್ನಂಗೈತಿ. ಇಷ್ಟು ಚಲೋ ಮಾಡ್ತಿ, ಮಾಡಿದ್ದನ್ನ ತಿಂದು ಹೇಳಾಕ ನಿನಗ ಬಾಯಿಲ್ಲ! ದಿನಾ ತಿಂತೀನಿ ನಾನು. ಒಂದಿನಾನಾದ್ರೂ ಕೆಡ್ತೈತೇನೊ ಅಂತ ನೋಡ್ತೀನಿ. ಒಂದಿನಾ ಕೆಡಂಗಿಲ್ಲ! ಅದಕ್ಕಾ ಸಿಟ್ಟು ಬರದು ನನಗ!"

ಹೇಳಿಬಿಟ್ಟ ಮೇಲೆ ನನಗೇ ಹೆದರಿಕೆಯಾಯಿತು. ಹಾಗೊಂದು ಮಾತು ನನ್ನೊಳಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮಾವ ಬಾಣಲೆ ನೋಡಿದ, ನನ್ನನ್ನು ನೋಡಿದ. ರಕ್ಕಸನ ದನಿಯಲ್ಲಲ್ಲ, ಖಾನಾವಳಿಯ ದನಿಯಲ್ಲಿ ಕೇಳಿದ:

"ಉಪ್ಪು ಸರಿ ಐತೇನು?"

"ಒಂಚೂರು ಹೆಚ್ಚಾಗೈತಿ."

"ಸಿಟ್ಟಿನಾಗ ಹಾಕಿದ್ದು, ಹೆಚ್ಚಾಗದಾ ಏನು."

ಹಿಂದಿನಿಂದ ಚೌಡಣ್ಣನ ದನಿ ಬಂತು. "ನೇಮ ಕೆಟ್ಟಿಲ್ಲ. ಸಾರಥಿಗಿ ನಮ್ಮ ಮ್ಯಾಳದಾಗ ಬಣ್ಣಾ ಇಲ್ಲ. ಅವ ಪಾತ್ರ ಅಲ್ಲ, ಊರಾತ. ಊರಾತ ಉಪ್ಪು ತಿಂದ್ರ ತಪ್ಪೇನೈತಿ?"

ಮಾವ ಚೌಡಣ್ಣನ ಕಡೆ ಬೆರಗಾಗಿ ನೋಡಿದ. "ಇದನ್ನ ನಿನ್ನಿ ಹೇಳಾಕ ಏನಾಗಿತ್ತಲೇ?"

"ನಿನ್ನಿ ನನ್ನ ಯಾರು ಕೇಳಿದ್ರಿ?"

ಇವರೂ ಇವರ ಮೇಳವೂ! ನಾನು ಸೌಟು ಎಸೆದು ಹೊರಗೆ ಹೋಗಿ ಗೋಬಿ ಗಾಡಿಯ ನೆರಳಿನಲ್ಲಿ ಕೂತೆ. ಎಲ್ಲ ಮುಗಿಯಿತು ಎಂದುಕೊಂಡೆ. ಪ್ರವೀಣಕುಮಾರ್ "ಕಟ್" ಎಂದು ಹೇಳಿಯೇ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಕೆಲವು ದಿನ ಕಳೆದು ಫೋನು ಬಂತು. ಊಟದ ಹೊತ್ತು. ಪ್ರವೀಣಕುಮಾರ್ ಎಷ್ಟು ಕೂಗಿದನೆಂದರೆ ಬೆಂಚಿನವರಿಗೆಲ್ಲ ಕೇಳಿಸಿತು. "ಮೇಲಿನವರು ಬಿದ್ದು ಬಿದ್ದು ನಕ್ಕಿದಾರೆ ಹೊನ್ನೂರಸ್ವಾಮಿ! ಓಕೆ ಆಯ್ತು! ಇಬ್ರೂ ಓಕೆ!"

"ಇಬ್ರೂ ಅಂದ್ರ?"

"ಮಾವ ಅಡುಗೆ ಮಾಡೋದು, ನೀವು ತಿಂದು ಜಗಳ ತೆಗೆಯೋದು. ನೀವಿಲ್ದೆ ಅವರೊಬ್ರೇ ಬೇಡ ಅಂದಿದಾರೆ. ಮೊದಲನೇದು ಹೊಳಲು ಅನ್ನೋ ಊರಲ್ಲಿ, ರೆಡಿ ಇರಿ."

ನಾನು ಫೋನು ಇಟ್ಟು, "ನಾ ಬರಂಗಿಲ್ಲ" ಅಂದೆ. "ಮಾವ ಟೀವಿಗಿ ಹತ್ತಿದ. ಮಾತಿನ ಪ್ರಕಾರ ಒಲಿ ನಂದು. ನಾಳಿ ಗ್ಯಾಸಿನವ ಬರ್ತಾನ."

"ಸಾರಥಿ ಇಲ್ದ ನಾನೂ ಹೋಗಂಗಿಲ್ಲ. ನಾ ಹೋಗಲಿಲ್ಲಂದ್ರ ಒಲಿ ನಿಂದು ಹೆಂಗಾಗ್ತೈತಿ?"

"ನನ್ನ ಬಿಟ್ಟು ಬ್ಯಾರೆ ಸಾರಥಿ ಹುಡುಕ್ಕೊ!"

"ನಿನ್ನಂಗ ಸಿಟ್ಟು ಬರೋರು ಎಲ್ಲಿ ಸಿಗ್ತಾರಲೇ?"

ಬೆಂಚಿನವರು ರೊಟ್ಟಿ ಹಿಡಿದು ಕೂತು ನೋಡುತ್ತಿದ್ದರು. ಅಷ್ಟರಲ್ಲಿ ಒಲೆಯ ಮುಂದಿನ ಸಪ್ಪಳ ನಿಂತಿತು. ಅತ್ತೆ ಕೈಗೆ ಹತ್ತಿದ ಹಿಟ್ಟು ಕೊಡವಿ ಎದ್ದಳು.

"ಏನ್ರಪಾ, ಒಲಿ ನಿಂದೊ ನಂದೊ ಅಂತ ಅವತ್ತಿಂದ ಬಡಿದಾಡಕತ್ತೀರಿ. ಈ ಒಲಿ ಕಟ್ಟಿದ್ದು ಯಾರು ಅಂತ ಯಾರಾದ್ರೂ ಕೇಳಿದ್ರೇನು?"

ಕೈ ಸೊಂಟಕ್ಕಿಟ್ಟು ತಾನೇ ಮುಂದುವರಿಸಿದಳು.

"ಇವರ ಮಂಡಿ ಮುರದು ಬಿದ್ದಾಗ, ನನ್ನ ತವರಿನ ಕುರಿ ಮಾರಿ ಇಲ್ಲಿ ಜಾಗ ಹಿಡದಾಕಿ ನಾನು. ಕೆರಿ ಮಣ್ಣು ಹೊತ್ತು ತಂದು ಒಲಿ ಹಾಕ್ದಾಕಿ ನಾನು. ಅಮಾಸಿ ಅಮಾಸಿಗಿ ಸಾರಿಸಾಕಿ ನಾನು, ದಿನಾ ಉಪ್ಪು ನೋಡಾಕಿ ನಾನು. ಇವರು ನಿನಗ ಕೊಟ್ರಂತ, ನೀನು ತಗಂಡಿಯಂತ! ಇವರ ಹತ್ರ ಏನಿತ್ತು ಅಂತ ಕೊಟ್ರು?"

ನಾನು ಮಾವನ ಮುಖ ನೋಡಿದೆ. ಮಾವ ಸೂರಿನ ಜಂತಿ ಎಣಿಸುತ್ತಿದ್ದ.

"ಅತ್ತಿ, ಅವತ್ತಾ ಹೇಳಬೇಕಿತ್ತಲ್ಲ ನೀನು?"

"ಅವತ್ತು ಹೇಳಿದ್ರ ಇವರು ಟೀವಿಗಿ ಹೋಗ್ತಿದ್ರೇನು? ನೀನು ಇವರ ಬೆನ್ನು ಹತ್ತತಿದ್ದಿಯೇನು? ಹೋಗ್ರಿ, ಇಬ್ರೂ ಹೋಗ್ರಿ. ಊರೂರು ತಿರುಗಿ ಜಗಳಾಡ್ರಿ. ಒಂದಿಷ್ಟು ದಿನ ನನ್ನ ಕಿವಿ ತಣ್ಣಗಿರಲಿ." ಮತ್ತೆ ಕೂತು ಹಿಟ್ಟು ತಟ್ಟತೊಡಗಿದಳು. ತಟ್ಟುತ್ತಲೇ, "ಗ್ಯಾಸಿನವ ಬರಲಿ. ಸಂಜಿಗಿ ಮಿರ್ಚಿ ಕರಿತೀನಿ ನಾನು. ಗೋಬಿ ಅಲ್ಲ, ಮಿರ್ಚಿ" ಅಂದಳು.

ನನ್ನ ಗ್ಯಾಸು! ನಾನು ಮಾತಾಡಿ ಇಟ್ಟ ಗ್ಯಾಸು!

ಹೊಳಲಿನಲ್ಲಿ ಒಂದು ಮನೆಯ ಹಿತ್ತಲಲ್ಲಿ ಒಲೆ ಹೂಡಿದ್ದರು. ಸುಕನ್ಯಾ ಪೌಡರ್ ಹಿಡಿದು ನನ್ನ ಕಡೆ ಬಂದಳು. "ನನ್ನ ಮುಖಕ್ಕ ಅದು ಹತ್ತಿದ್ರ ನೋಡು ಮತ್ತ" ಅಂದೆ. ಅವಳು ಸಾರಥಿಗೆ ಬಣ್ಣವಿಲ್ಲ ಎಂದು ಚೌಡಣ್ಣ ಹೇಳಿದ್ದನ್ನು ನೆನೆದು ತಾನೇ ಹಿಂದೆ ಸರಿದಳು. ಮನೆಯವರು ಬಾಗಿಲಲ್ಲಿ, ಗೋಡೆಯ ಮೇಲೆ, ಗಿಡದ ಕೆಳಗೆ ಗುಂಪುಗಟ್ಟಿ ನಿಂತರು. ಅತ್ತೆ ಮುಂಜಾನೆ ಫೋನು ಮಾಡಿ, ಮಿರ್ಚಿ ತಿನ್ನಲು ಗೋಬಿ ಗಾಡಿಯವನೇ ಬಂದಿದ್ದ ಎಂದು ಹೇಳಿ ಇಟ್ಟಿದ್ದಳು. ಆ ಉರಿ ನನ್ನೊಳಗೆ ಹಾಗೇ ಇತ್ತು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಮಾವ ಕುಂಟುತ್ತ ಬಂದ, ಎದೆ ಉಬ್ಬಿಸಿ ನಿಂತ, ಕಾದ.

ನಾನು ಕೇಳಲಿಲ್ಲ. ನಿಲ್ಲಲಿ.

ಪ್ರವೀಣಕುಮಾರ್ ನನಗೆ ಕೈಸನ್ನೆ ಮಾಡಿದ. ನಾನು ಗೋಡೆಯ ಮೇಲಿನ ಕಾಗೆ ನೋಡಿದೆ. ಮಾವ ತುಟಿ ಅಲುಗಿಸದೆ, ಒಳದನಿಯಲ್ಲಿ ಅಂದ: "ಕೇಳಲೇ."

"ಒಲಿ ನಿಂದಲ್ಲ ಅಂತ ಗೊತ್ತಿದ್ದೂ ನನಗ್ಯಾಕ ಕೊಟ್ಟಿ?"

"ರಕ್ಕಸ ಕೊಟ್ಟ ಮಾತು ಯಾವ ಆಟದಾಗ ನಡದೈತಲೇ? ಕೇಳು, ಉಸಿರು ಹಿಡಿಯಾಕ ಆಗವಲ್ದು."

ಉಬ್ಬಿದ ಎದೆ ನಡುಗುತ್ತಿತ್ತು. ಮುರಿದ ಮಂಡಿಯ ಕಾಲು ಒಂದಿಷ್ಟು ಬಾಗಿತ್ತು. ಇನ್ನೂ ನಿಲ್ಲಿಸಬಹುದಿತ್ತು, ನಿಲ್ಲಿಸಬೇಕೆಂದೇ ಇದ್ದೆ. ಆದರೆ ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು, ಇನ್ನು ತಡವಾದರೆ ಒಗ್ಗರಣೆ ಸೀಯುತ್ತದೆ. ಸೀದದ್ದನ್ನು ತಿನ್ನಬೇಕಾದವನು ಯಾರು? ನಾನೇ.

ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಗಂಟಲಿಗೆ ತಂದು ಕೂಗಿದೆ:

"ಏನ್ರೀ ಸ್ವಾಮಿ! ಬಂದಂಥಾ ತಾವು ದಾರು?"